ಚಿಕ್ಕ ಊರು, ದೊಡ್ಡ ಅಂಕಿ

ಆತ್ಮಹತ್ಯೆಯ ಪ್ರಮಾಣವನ್ನು ವರ್ಷಕ್ಕೆ ಲಕ್ಷ ಜನರಲ್ಲಿ ಇಷ್ಟು ಎಂದು ಹೇಳುವುದು ವಾಡಿಕೆ. 2022ರಲ್ಲಿ ಭಾರತದ ಪ್ರಮಾಣ 12.4, ಕರ್ನಾಟಕದ್ದು 20.2, ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳದ್ದು 42.8. ಆ ದ್ವೀಪಗಳಲ್ಲಿ ಜನರು ಕಡಮೆ. ಹಾಗಾದರೆ ಅಷ್ಟು ದೊಡ್ಡ ಅಂಕಿಯನ್ನು ನಂಬಬಹುದೆ? ಇದು ನಮ್ಮ ಊರುಗಳಿಗೂ ಅನ್ವಯಿಸುವ ಪ್ರಶ್ನೆ.

2011ರ ಜನಗಣತಿಯಂತೆ ವಿಜಯಪುರ ನಗರದ ಜನಸಂಖ್ಯೆ ಮೂರು ಲಕ್ಷವನ್ನು ಮೀರಿತ್ತು. ಅದರ ಮುಂದೆ ತಿಕೋಟಾ, ಬಬಲೇಶ್ವರಗಳು ಬಹು ಚಿಕ್ಕವು. ಲೆಕ್ಕದ ಸೌಕರ್ಯಕ್ಕಾಗಿ 10,000 ಜನರ ಊರೊಂದನ್ನು ಕಲ್ಪಿಸಿಕೊಳ್ಳೋಣ. ಅಲ್ಲಿ ಒಂದು ಸಾವಾದರೆ ಪ್ರಮಾಣ 10, ಎರಡಾದರೆ 20, ಒಂದೂ ಆಗದಿದ್ದರೆ ಸೊನ್ನೆ. ಮೂರು ಲಕ್ಷ ಜನರ ನಗರದಲ್ಲಾದರೋ ಒಂದು ಸಾವಿನಿಂದ ಪ್ರಮಾಣವು ಬದಲಾಗುವುದು ಕೇವಲ 0.33ರಷ್ಟು.

ವಿರಳವಾಗಿ, ಒಂದನ್ನೊಂದು ಅವಲಂಬಿಸದೆ ಘಟಿಸುವ ಸಂಗತಿಗಳಿಗೆ ಫ್ರೆಂಚ್ ಗಣಿತಜ್ಞ ಪ್ವಾಸೋನನು 1837ರಲ್ಲಿ ಒಂದು ನಿಯಮವನ್ನು ಕೊಟ್ಟನು. ಸರಾಸರಿ ವರ್ಷಕ್ಕೊಂದು ಸಾವು ಎಂದಿಟ್ಟುಕೊಂಡರೆ, ಕಾರಣಗಳೇನೂ ಬದಲಾಗದಿದ್ದರೂ, ನೂರರಲ್ಲಿ ಸುಮಾರು 37 ವರ್ಷ ಒಂದೂ ಇರದು. 37 ವರ್ಷ ಒಂದು. ಉಳಿದ 26 ವರ್ಷ ಎರಡು ಅಥವಾ ಹೆಚ್ಚು. ವಿಕಿರಣಶೀಲ ವಸ್ತುವಿನಿಂದ ಹೊಮ್ಮುವ ಕಣಗಳನ್ನು ಎಣಿಸುವಾಗಲೂ ಇದೇ ನಿಯಮ ತೋರುತ್ತದೆ. ಬೋರ್ಟ್‌ಕೀವಿಚ್ ಎಂಬ ವಿದ್ವಾಂಸನು 1898ರಲ್ಲಿ ಇದನ್ನು ಪ್ರಷ್ಯದ ಮಕ್ಕಳ ಆತ್ಮಹತ್ಯೆಯ ಅಂಕಿಗಳಿಗೆ ಅನ್ವಯಿಸಿ ನೋಡಿದನು. ಒಂದು ಸಾವು ಇನ್ನೊಂದಕ್ಕೆ ಪ್ರೇರಣೆಯಾದರೆ ಏರಿಳಿತವು ನಿಯಮವನ್ನು ಮೀರುತ್ತದೆ.

ಸ್ಥೂಲವಾಗಿ, ಆಕಸ್ಮಿಕ ಏರಿಳಿತವು ಸರಾಸರಿ ಎಣಿಕೆಯ ವರ್ಗಮೂಲದಷ್ಟು. ಎಣಿಕೆ 1 ಆದರೆ ಏರಿಳಿತವೂ 1. ಅಂಡಮಾನಿನಲ್ಲಿ ಸುಮಾರು ನಾಲ್ಕು ಲಕ್ಷ ಜನರೆಂದರೆ ಎಣಿಕೆ 170ರಷ್ಟು, ಏರಿಳಿತ 13ರಷ್ಟು. ಆದುದರಿಂದ ಅಲ್ಲಿಯ ಅಂಕಿ ಆಕಸ್ಮಿಕವಲ್ಲ. ಅದರ ಕಾರಣವನ್ನು ಹುಡುಕಲೇಬೇಕು. ಚಿಕ್ಕ ಊರಿನ ಒಂದು ವರ್ಷದ ಅಂಕಿಯಿಂದಲಾದರೋ ಆ ಊರಿಗೆ ಕೆಟ್ಟ ಹೆಸರನ್ನು ಅಂಟಿಸಲಾಗದು. ಸೊನ್ನೆಯೆಂದು ನಿಶ್ಚಿಂತರಾಗಲೂ ಆಗದು. ಹತ್ತಾರು ವರ್ಷಗಳನ್ನು ಕೂಡಿಸಿ ನೋಡಬೇಕು. ಪ್ರಾಣಾಪಾಯದಿಂದ ಪಾರಾದ ಸ್ವಯಂಹಾನಿಯ ಪ್ರಸಂಗಗಳು ಸಾವುಗಳಿಗಿಂತ ಅನೇಕ ಪಟ್ಟು ಹೆಚ್ಚು. ಅವನ್ನೂ ಎಣಿಸಿದರೆ ಚಿತ್ರ ಬೇಗ ಸ್ಪಷ್ಟವಾಗುತ್ತದೆ.

ಎಣಿಕೆಯ ಉದ್ದೇಶ ಜೀವರಕ್ಷಣೆ. ಶ್ರೀಲಂಕಾದಲ್ಲಿ 1995ರಲ್ಲಿ ಪ್ರಮಾಣವು 47ರಷ್ಟಿತ್ತು. ಅತಿ ವಿಷಕಾರಿ ಕೀಟನಾಶಕಗಳನ್ನು ಹಂತಹಂತವಾಗಿ ನಿಷೇಧಿಸಿದ ಮೇಲೆ ಅದು ಅರ್ಧಕ್ಕಿಂತ ಕೆಳಗಿಳಿಯಿತು. ದುಡುಕಿನ ಗಳಿಗೆಯೊಂದು ಕಳೆದುಹೋದರೆ ಅನೇಕರು ಬದುಕುತ್ತಾರೆಂಬುದೇ ಇದರ ಪಾಠ. ದ್ರಾಕ್ಷಿ ಬೆಳೆಯುವ ತಿಕೋಟಾದ ಸೀಮೆಯಲ್ಲಿಯೂ ಔಷಧಿಯ ಡಬ್ಬಿಗಳನ್ನು ಬೀಗದೊಳಗಿಡುವುದು ಉಚಿತ.

ವಿದ್ಯಾರ್ಥಿಮಿತ್ರರೇ, ನಿಮ್ಮಲ್ಲಿ ಯಾರಿಗಾದರೂ ಬದುಕು ಭಾರವೆನಿಸಿದರೆ ನಂಬಿದ ಹಿರಿಯರಲ್ಲಿ ಹೇಳಿಕೊಳ್ಳಿರಿ. ಇಲ್ಲವೆ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ 14416ರಲ್ಲಿ ಕರೆಮಾಡಿರಿ. ಗೆಳೆಯನೊಬ್ಬನು ಮಂಕಾಗಿದ್ದರೆ ನೀವಾಗಿಯೇ ಹೋಗಿ ವಿಚಾರಿಸಿರಿ.