ನೆಲೆ ಬದಲಿಸಿದರೆ ಕ್ಯಾರಿಬೂ ಉಳಿದೀತೆ?

ಉತ್ತರ ಅಮೆರಿಕದ ಹಿಮಪ್ರದೇಶಗಳಲ್ಲಿ ಕ್ಯಾರಿಬೂ ಎಂಬ ಜಾತಿಯ ಜಿಂಕೆಯುಂಟು. ಯುರೋಪಿನ ಉತ್ತರಭಾಗದ ಜನ ಪಳಗಿಸಿ ಹಿಮಬಂಡಿಗೆ ಹೂಡುವ ರೇನ್‌ಡಿಯರ್ ಕೂಡ ಇದೇ ಕುಲದ್ದು. ನಮ್ಮ ಕಡವೆ, ಚುಕ್ಕೆ ಜಿಂಕೆಗಳಲ್ಲಿ ಕೊಂಬು ಗಂಡಿಗೆ ಮಾತ್ರ. ಕ್ಯಾರಿಬೂಗಳಲ್ಲಿ ಹೆಣ್ಣಿಗೂ ಸಾಮಾನ್ಯವಾಗಿ ಕೊಂಬಿರುತ್ತದೆ. ಗೊರಸು ಅಗಲವಾಗಿರುವುದರಿಂದ ಹಿಮದಲ್ಲಿ ಹೂತುಹೋಗದೆ ನಡೆಯಬಲ್ಲುದು. ಚಳಿಗಾಲದಲ್ಲಿ ಹಸಿರೆಂಬುದು ಕಾಣದಾದಾಗ ಅದರ ಮುಖ್ಯ ಆಹಾರ ಕಲ್ಲುಹೂವು. ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ವರ್ಗಕ್ಕೇ ಸೇರಿದ ಈ ಬೆಳೆ ಅಲ್ಲಿ ಕೆಲವೆಡೆ ನೆಲದ ಮೇಲೆ ಹಾಸಿಕೊಂಡಿರುತ್ತದೆ. ಕೆಲವೆಡೆ ಹಳೆಯ ಮರಗಳ ಕೊಂಬೆಗಳಿಂದ ಜಡೆಯಂತೆ ಇಳಿಬಿದ್ದಿರುತ್ತದೆ.

ಕೆನಡಾದ ಕಾಡುಗಳಲ್ಲಿ ಈ ಪ್ರಾಣಿ ಬಹಳ ಕಡಿಮೆಯಾಗಿದೆ. ಕೆಲವು ಹಿಂಡುಗಳು ಪೂರ್ತಿ ಅಳಿದಿವೆ. ಉಳಿದವನ್ನು ಹಿಡಿದು ಬೇರೆ ಸ್ಥಳಕ್ಕೆ ಸಾಗಿಸಿ ಬದುಕಿಸುವ ಪ್ರಯತ್ನ ಹಲವು ಸಲ ನಡೆದಿದೆ. ಅದು ಎಲ್ಲಿ ಫಲಿಸಿತು, ಎಲ್ಲಿ ಫಲಿಸಲಿಲ್ಲ, ಏಕೆ ಎಂಬುದು ತಿಳಿಯತಕ್ಕ ವಿಷಯ.

ಕಾಡು ಕಡಿದಲ್ಲಿ ತೋಳ

ಕಾಡು ಕಡಿದರೆ ಕ್ಯಾರಿಬೂ ಮೇವಿಲ್ಲದೆ ಸಾಯುತ್ತದೆಂದು ಯಾರಾದರೂ ಊಹಿಸಬಹುದು. ನಡೆಯುವ ಸಂಗತಿ ಇನ್ನೂ ಸುತ್ತುಬಳಸಿನದು. ನೂರಾರು ವರ್ಷದ ಮರಗಳನ್ನು ಕಡಿದಲ್ಲಿ ಬಿಸಿಲು ಬಿದ್ದು ಪೊದೆಗಳೂ ಎಳೆಯ ಗಿಡಗಳೂ ಹುಲುಸಾಗಿ ಏಳುತ್ತವೆ. ಅವನ್ನು ಮೇಯಲು ಮೂಸ್ ಎಂಬ ಭಾರಿ ಗಾತ್ರದ ಜಿಂಕೆಯೂ ಇತರ ಜಿಂಕೆಗಳೂ ಬರುತ್ತವೆ. ಅವುಗಳ ಬೆನ್ನಿಗೆ ತೋಳಗಳು ಬರುತ್ತವೆ. ಮರ ಸಾಗಿಸಲು ಮಾಡಿದ ದಾರಿಯೇ ತೋಳಕ್ಕೂ ರಾಜಮಾರ್ಗವಾಗುತ್ತದೆ. ಮೂಸ್ ಅವಳಿ ಮರಿಗಳನ್ನು ಹಾಕುವುದುಂಟು. ಕ್ಯಾರಿಬೂ ಹಾಕುವುದು ವರ್ಷಕ್ಕೆ ಒಂದೇ ಮರಿ. ಆದ್ದರಿಂದ ತೋಳದ ಬಾಯಿಗೆ ಹೋದ ನಷ್ಟವನ್ನು ಅದು ಬೇಗ ತುಂಬಿಕೊಳ್ಳಲಾರದು. ಇತರ ಪ್ರಾಣಿಗಳಿಂದ ದೂರವಾಗಿ, ಹಳೆಯ ಕಾಡಿನಲ್ಲೋ ಎತ್ತರದ ಬೆಟ್ಟದಲ್ಲೋ ಬದುಕುವುದೇ ಅದರ ರಕ್ಷಣೆಯ ಉಪಾಯ. ಆ ಏಕಾಂತ ಹೋದರೆ ರಕ್ಷಣೆಯೂ ಹೋಯಿತು.

ಸೆಲ್ಕರ್ಕ್ ಬೆಟ್ಟಗಳಲ್ಲಿ

ಕೆನಡಾಕ್ಕೂ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೂ ನಡುವಣ ಗಡಿಯಲ್ಲಿ ಸೆಲ್ಕರ್ಕ್ ಪರ್ವತಶ್ರೇಣಿಯಿದೆ. ಅಲ್ಲಿಯ ಹಿಂಡು ಕ್ಷೀಣಿಸಿದ್ದರಿಂದ 1987ರಿಂದ 1990ರವರೆಗೆ 60 ಕ್ಯಾರಿಬೂಗಳನ್ನೂ, 1996ರಿಂದ 1998ರವರೆಗೆ ಮತ್ತೆ 43ನ್ನೂ ಕೆನಡಾದ ಬೇರೆ ಭಾಗಗಳಿಂದ ತಂದು ಬಿಟ್ಟರು. ಒಟ್ಟು 103 ಪ್ರಾಣಿಗಳು! ಅನೇಕವು ಬೆಟ್ಟದ ಸಿಂಹವೆಂದು ಕರೆಯುವ ಪ್ಯೂಮಾಕ್ಕೆ ಆಹಾರವಾದವು. 2009ರಲ್ಲಿ ಹಿಂಡಿನಲ್ಲಿ 46 ಇದ್ದವು. 2018ರಲ್ಲಿ ವಿಮಾನದಿಂದ ಎಣಿಸಿದಾಗ ಕಂಡವು ಮೂರೇ ಮೂರು, ಮೂರೂ ಹೆಣ್ಣು. 2019ರ ಜನವರಿಯಲ್ಲಿ ಕೊನೆಯದಾಗಿ ಉಳಿದ ಒಂದು ಹೆಣ್ಣನ್ನು ಹಿಡಿದು ಉತ್ತರಕ್ಕೆ, ರೆವೆಲ್‌ಸ್ಟೋಕ್ ಊರಿನ ಬಳಿಗೆ ಸಾಗಿಸಿದರು. ಹೀಗೆ ಆ ಹಿಂಡಿನ ಕಥೆ ಮುಗಿಯಿತು.

ಇದರ ನೆರೆಯ ಪರ್ಸೆಲ್ ಬೆಟ್ಟಗಳಿಗೆ 2012ರ ಮಾರ್ಚಿಯಲ್ಲಿ ದೂರದ ಉತ್ತರದಿಂದ 19 ಕ್ಯಾರಿಬೂಗಳನ್ನು ತಂದರು. ಅಲ್ಲಿಯ ಹಳೆಯ ಹಿಂಡಿನೊಡನೆ ಅವು ಬೆರೆಯಲಿ ಎಂಬುದು ಉದ್ದೇಶ. ಅವಾದರೋ ದಿಕ್ಕುಗೆಟ್ಟು ಚದುರಿದವು. ತವರಿನಲ್ಲಿ ನೆಲದ ಕಲ್ಲುಹೂವನ್ನು ಕೆದರಿ ತಿಂದು ರೂಢಿಯಾದವು ಅವು. ಇಲ್ಲಿ ಆಳುದ್ದದ ಹಿಮದ ಮೇಲೆ ನಿಂತು ಮರದ ಕಲ್ಲುಹೂವನ್ನು ಎಳೆದು ತಿನ್ನಬೇಕು. ಅಪಾಯದ ಕಣಿವೆ ಯಾವುದು, ಕ್ಷೇಮದ ಇಳಿಜಾರು ಯಾವುದು ಎಂಬುದೂ ತಿಳಿಯದು. ಪರಸ್ಥಳಕ್ಕೆ ಬಂದ ನಮಗಾದರೆ ಮೊದಲೇ ಬಂದು ನೆಲೆಸಿದ ಊರವರೊಬ್ಬರು ಕೋಣೆ ಹುಡುಕಿಕೊಟ್ಟು, ಯಾವ ಗಾಡಿ ಎಲ್ಲಿಗೆ ಹೋಗುತ್ತದೆಂದು ಹೇಳಿಕೊಡುತ್ತಾರೆ. ಆ ಪ್ರಾಣಿಗಳಿಗೆ ಅಂಥವರು ಸಿಗಲಿಲ್ಲ. ಸ್ವಲ್ಪ ಕಾಲದಲ್ಲೇ ಬಹುಪಾಲು ಸತ್ತವು.

ಸರೋವರದ ದ್ವೀಪಗಳು

ಇದಕ್ಕೆ ಬೇರೆಯಾದ ಉದಾಹರಣೆ ಪೂರ್ವದಲ್ಲಿ, ಒಂಟಾರಿಯೋ ಪ್ರಾಂತದ ಸುಪೀರಿಯರ್ ಸರೋವರದಲ್ಲಿದೆ. ಸಮುದ್ರದಂತಿರುವ ಈ ಸಿಹಿನೀರಿನ ಸರೋವರದ ಸ್ಲೇಟ್ ದ್ವೀಪಗಳಲ್ಲಿ ಕ್ಯಾರಿಬೂಗಳಿದ್ದವು, ತೋಳಗಳಿರಲಿಲ್ಲ. 1982ರಲ್ಲಿ ಅಲ್ಲಿಂದ ಕೆಲವನ್ನು ಮಿಶಿಪಿಕೋಟನ್ ದ್ವೀಪಕ್ಕೆ ಒಯ್ದು ಬಿಟ್ಟರು. ಅಲ್ಲಿಯೂ ತೋಳವಿಲ್ಲ, ಕಾಡು ಹಳೆಯದು. ಮೂವತ್ತು ವರ್ಷಗಳಲ್ಲಿ ಆ ಬೆರಳೆಣಿಕೆಯ ಪ್ರಾಣಿಗಳು ನೂರಾರಾದವು.

ಆದರೆ 2014ರ ಚಳಿಗಾಲ ಬಹು ಕಠಿಣವಾಗಿತ್ತು. ಸರೋವರ ಹೆಪ್ಪುಗಟ್ಟಿ ದಡದಿಂದ ದ್ವೀಪಗಳವರೆಗೆ ಮಂಜುಗಡ್ಡೆಯ ಸೇತುವೆಯಾಯಿತು. ಅದರ ಮೇಲೆ ತೋಳಗಳು ನಡೆದುಬಂದವು. ಗಡ್ಡೆ ಕರಗಿತು, ತೋಳಗಳು ದ್ವೀಪದಲ್ಲೇ ಉಳಿದು ಮರಿ ಹಾಕಿದವು. ತಪ್ಪಿಸಿಕೊಂಡು ಓಡಲು ಕ್ಯಾರಿಬೂಗಳಿಗೆ ಸುತ್ತಲೂ ನೀರು. ನಾಲ್ಕು ವರ್ಷಗಳಲ್ಲಿ ನೂರಾರು ಹೋಗಿ ಕೆಲವೇ ಉಳಿದವು. ಸ್ಲೇಟ್ ದ್ವೀಪಗಳಲ್ಲೂ ಬೆರಳೆಣಿಕೆಯ ಗಂಡುಗಳಷ್ಟೇ ಉಳಿದವು.

ಆ ಪ್ರದೇಶದ ಮಿಶಿಪಿಕೋಟನ್ ಮೂಲನಿವಾಸಿಗಳು ಸರ್ಕಾರವನ್ನು ಮತ್ತೆ ಮತ್ತೆ ಒತ್ತಾಯಿಸಿದರು. ಕೊನೆಗೆ 2018ರ ಜನವರಿಯಲ್ಲಿ ಒಂಬತ್ತು ಕ್ಯಾರಿಬೂಗಳನ್ನು ಹೆಲಿಕಾಪ್ಟರಿನಲ್ಲಿ ಸ್ಲೇಟ್ ದ್ವೀಪಗಳಿಗೆ ಮರಳಿ ಒಯ್ದರು. ತರುವಾಯ ಆರನ್ನು ಸರೋವರದ ನಡುವೆ ದೂರದಲ್ಲಿರುವ ಕ್ಯಾರಿಬೂ ದ್ವೀಪಕ್ಕೆ ಸಾಗಿಸಿದರು. ಅಜ್ಜಂದಿರನ್ನು ಕಳಿಸಿಕೊಟ್ಟ ಸ್ಥಳಕ್ಕೆ ಮೊಮ್ಮಕ್ಕಳು ಹಿಂತಿರುಗಿ, ವಂಶದ ಕೊಂಡಿ ಕಡಿಯದೆ ಉಳಿಯಿತು. ಇತ್ತ ಬೇಟೆ ಮುಗಿದು ತೋಳಗಳು ಉಪವಾಸ ಬಿದ್ದವು. 2019ರಲ್ಲಿ ಅವುಗಳಲ್ಲಿ ಕೆಲವನ್ನು ಅದೇ ಸರೋವರದ ಐಲ್ ರಾಯಲ್ ದ್ವೀಪಕ್ಕೆ ಒಯ್ದರು. ಅಲ್ಲಿ ಮೂಸ್‌ಗಳು ವಿಪರೀತ ಹೆಚ್ಚಿದ್ದವು. ತೋಳಗಳು ಎರಡೇ ಉಳಿದಿದ್ದವು. ಒಂದು ದ್ವೀಪಕ್ಕೆ ಕೇಡಾದ ಪ್ರಾಣಿ ಇನ್ನೊಂದಕ್ಕೆ ಬೇಕಾಯಿತು.

ಹೆರಿಗೆಯ ಬೇಲಿ

ದೂರ ಒಯ್ಯದೆ, ಇದ್ದಲ್ಲೇ ಸ್ವಲ್ಪ ಕಾಲ ಕಾಪಾಡುವ ಕ್ರಮವೂ ಒಂದುಂಟು. ಬ್ರಿಟಿಷ್ ಕೊಲಂಬಿಯ ಪ್ರಾಂತದ ಕ್ಲಿನ್ಸೆ-ಜಾ ಹಿಂಡಿನಲ್ಲಿ 2013ರಲ್ಲಿ 38 ಕ್ಯಾರಿಬೂಗಳಿದ್ದವು. ವೆಸ್ಟ್ ಮೊಬರ್ಲಿ ಮತ್ತು ಸೋಟೋ ಎಂಬ ಮೂಲನಿವಾಸಿ ಸಮುದಾಯಗಳವರು 2014ರಿಂದ ಗಬ್ಬದ ಹೆಣ್ಣುಗಳನ್ನು ಹಿಡಿದು ಬೆಟ್ಟದ ಮೇಲೆ ಬೇಲಿಯೊಳಗೆ ಇಟ್ಟು, ಕೈಯಿಂದ ಆಯ್ದು ತಂದ ಕಲ್ಲುಹೂವನ್ನು ತಿನ್ನಿಸಿ ಕಾವಲು ಕಾದರು. ಮರಿ ಹುಟ್ಟಿ ಕಾಲು ಗಟ್ಟಿಯಾದ ಮೇಲೆ ತಾಯಿ ಮರಿಗಳನ್ನು ಕಾಡಿಗೆ ಬಿಡುತ್ತಿದ್ದರು. ಜೊತೆಗೆ ತೋಳಗಳನ್ನು ಕೊಂದು ಅವುಗಳ ಸಂಖ್ಯೆಯನ್ನೂ ತಗ್ಗಿಸಿದರು. ಇದು ಸರಿಯೇ ಎಂಬ ವಾದ ಇಂದಿಗೂ ಮುಗಿದಿಲ್ಲ. 2021ರ ಹೊತ್ತಿಗೆ ಹಿಂಡು ನೂರನ್ನು ದಾಟಿತು. ಅಷ್ಟಕ್ಕೇ ತೃಪ್ತರಾಗದೆ ಅವರು 2020ರಲ್ಲಿ ಎರಡು ಸರ್ಕಾರಗಳೊಡನೆ ಒಪ್ಪಂದ ಮಾಡಿಕೊಂಡು ವಿಶಾಲವಾದ ಕಾಡಿಗೂ ರಕ್ಷಣೆ ದೊರಕಿಸಿಕೊಂಡರು.

ಈ ಕೊನೆಯ ಮಾತೇ ಮುಖ್ಯ. ಹೊಸ ನೆಲೆ ಹಳೆಯದರಂತೆಯೇ ಇದ್ದು, ಹಿಂಡನ್ನು ಅಳಿಸಿದ ಕಾರಣ ಅಲ್ಲಿಗೆ ಮುಟ್ಟದಿದ್ದರೆ ಸಾಗಣೆ ಫಲಿಸುತ್ತದೆ. ಕಾರಣ ಹಾಗೆಯೇ ಉಳಿದಲ್ಲಿ 103 ತಂದರೂ ಸಾಲದು. ಹೆಲಿಕಾಪ್ಟರಿನಲ್ಲಿ ಪ್ರಾಣಿಯನ್ನು ಒಂದೇ ದಿನದಲ್ಲಿ ಸಾಗಿಸಬಹುದು. ಕಡಿದ ಕಾಡಿನಲ್ಲಿ ಮರ ಬೆಳೆದು, ಅದರ ಕೊಂಬೆಯಿಂದ ಕ್ಯಾರಿಬೂವಿನ ಹೊಟ್ಟೆ ತುಂಬುವಷ್ಟು ಕಲ್ಲುಹೂವು ಇಳಿಬೀಳಬೇಕಾದರೆ ಒಂದು ಶತಮಾನವೇ ಹಿಡಿದೀತು. ಅಲ್ಲಿಯವರೆಗೆ ಉಳಿದ ಹಳೆಯ ಕಾಡಿಗೆ ಕೊಡಲಿ ತಾಗದಂತೆ ನೋಡಿಕೊಳ್ಳುವುದೇ ನಿಜವಾದ ಕೆಲಸ.