ಸಿಸ್ಟರ್ ಬಂದರು, ತಾಯಿ ಕಾರ್ಡ್ ತನ್ನಿ

ರಾಮನಗರಕ್ಕೂ ಹಳ್ಳಿಯ ಆರೋಗ್ಯ ಸೇವೆಗೂ ನಂಟು ಹಳೆಯದು. ಊರನ್ನು ಇನ್ನೂ ಕ್ಲೋಸ್‌ಪೇಟೆ ಎನ್ನುತ್ತಿದ್ದ 1930ರ ದಶಕದಲ್ಲೇ ಮೈಸೂರು ಸಂಸ್ಥಾನ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಇಲ್ಲೊಂದು ಆರೋಗ್ಯ ತರಬೇತಿ ಕೇಂದ್ರ ತೆರೆದಿತ್ತು. ಊರವರು ಸಿಸ್ಟರ್ ಎಂದು ಕರೆಯುವ ಎಎನ್‌ಎಂ (ಸಹಾಯಕ ದಾದಿ-ಸೂಲಗಿತ್ತಿ) ಹುದ್ದೆ ಬಂದದ್ದು ಸ್ವಾತಂತ್ರ್ಯದ ನಂತರ, 1950ರ ದಶಕದಲ್ಲಿ. ಬಯಲು ಪ್ರದೇಶದಲ್ಲಿ 5,000 ಜನಕ್ಕೊಂದು ಉಪಕೇಂದ್ರ, ಅಲ್ಲೊಬ್ಬ ಸಿಸ್ಟರ್ ಎಂಬುದು ಸರ್ಕಾರದ ಲೆಕ್ಕ. ಕನಕಪುರದ ಕಾಡಂಚಿನ ಊರುಗಳಲ್ಲಿ ಈ ಲೆಕ್ಕ ನಡೆಯದು. ಆನೆ ಓಡಾಡುವ ದಾರಿಯಲ್ಲಿ ಕತ್ತಲಾಗುವ ಮೊದಲೇ ಕೆಲಸ ಮುಗಿಸಿಕೊಳ್ಳಬೇಕು.

ಸೂಲಗಿತ್ತಿಯರ ಕಾಲ ಮುಗಿದು ಹೆರಿಗೆಯೆಲ್ಲ ಆಸ್ಪತ್ರೆ ಸೇರಿದ ಮೇಲೆ ಸಿಸ್ಟರ್‌ಗೆ ಇನ್ನೇನು ಕೆಲಸ ಎಂದು ಕೇಳುವವರಿದ್ದಾರೆ. ನನಗನ್ನಿಸುವಂತೆ ಅಸಲು ಕಸುಬು ಶುರುವಾಗಿರುವುದೇ ಈಗ: ಅಪಾಯವನ್ನು ತಿಂಗಳುಗಳ ಮೊದಲೇ ಗುರುತಿಸುವುದು. ಆಶಾ ಕಾರ್ಯಕರ್ತೆಯಿಂದ ಬಸಿರಿನ ಸುದ್ದಿ ಬಂದೊಡನೆ ನೋಂದಣಿ, ತಪಾಸಣೆಯ ವಿವರ ಬರೆದಿಡುವ ತಾಯಿ ಕಾರ್ಡ್, ತೂಕ, ಬಿಪಿ, ರಕ್ತ ಪರೀಕ್ಷೆ. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. 7ಕ್ಕಿಂತ ಇಳಿದರೆ ದೊಡ್ಡಾಸ್ಪತ್ರೆಗೆ ಕಳಿಸಲೇಬೇಕು. ಬಿಪಿ 140/90 ಮುಟ್ಟಿದರೂ ಅಷ್ಟೇ.

ಮಾತ್ರೆ ಕೊಡುವುದು ಸುಲಭ, ನುಂಗಿಸುವುದೇ ಸಾಹಸ. ಕಬ್ಬಿಣಾಂಶದ ಮಾತ್ರೆ 180 ದಿನ. ವಾಕರಿಕೆ, ಮಲಬದ್ಧತೆ ಒಂದು ಕಡೆಯಾದರೆ, ಮಗು ಕಪ್ಪಾದೀತೆಂಬ ಅತ್ತೆಯ ಅಂಜಿಕೆ ಇನ್ನೊಂದು ಕಡೆ. ಬೆಳಗಿನ ಕಾಫಿ ಜೊತೆ ನುಂಗಿದರಂತೂ ಕಬ್ಬಿಣ ಮೈಗೆ ಹತ್ತುವುದೇ ಕಡಿಮೆ. “ರಾತ್ರಿ ಉಂಡಾದ್ಮೇಲೆ ನಿಂಬೆಹಣ್ಣಿನ ನೀರಲ್ಲಿ ತಗೊಳವ್ವ” ಎನ್ನುವ ಸಿಸ್ಟರ್, ಮುಂದಿನ ಸಲ ಖಾಲಿ ಶೀಟು ಕೇಳುತ್ತಾರೆ. ರಾಮನಗರದ ರೇಷ್ಮೆ ರೀಲಿಂಗ್ ಘಟಕದಲ್ಲಿ ದುಡಿಯುವವಳು ತಪಾಸಣೆಗೆ ಬಂದರೆ ಆ ದಿನದ ಕೂಲಿ ಖೋತಾ. ಆಗ ಇವರೇ ಅವಳ ಮನೆಗೆ ಹೋಗಬೇಕು.

ಗುರುವಾರ ಲಸಿಕೆಯ ದಿನ. ಮಗುವಿಗೆ 6, 10, 14ನೇ ವಾರದಲ್ಲಿ ಪೆಂಟಾವೇಲೆಂಟ್, 9 ತಿಂಗಳು ತುಂಬಿದ ಮೇಲೆ ದಡಾರ-ರುಬೆಲ್ಲಾ. ಸೂಜಿ ಕೈಗೆತ್ತಿಕೊಳ್ಳುವ ಮೊದಲು ಸಿಸ್ಟರ್ ಸೀಸೆಯನ್ನು ಬೆಳಕಿಗೆ ಹಿಡಿಯುತ್ತಾರೆ. ಅದರ ಮೇಲೆ ಬಣ್ಣದ ವೃತ್ತ, ಒಳಗೆ ತಿಳಿಬಣ್ಣದ ಪುಟ್ಟ ಚೌಕ. ಬಿಸಿ ತಾಗಿದಷ್ಟೂ ಚೌಕದ ಬಣ್ಣ ಗಾಢವಾಗುತ್ತದೆ; ವೃತ್ತಕ್ಕೆ ಸಮವಾಯಿತೋ, ಆ ಸೀಸೆ ಕೆಲಸಕ್ಕೆ ಬಾರದು. ಚುಚ್ಚಿದ ಮೇಲೂ ಅರ್ಧ ಗಂಟೆ ತಾಯಿ-ಮಗು ಅಲ್ಲೇ ಕೂತಿರಬೇಕು. ಹೊಲದ ಕೆಲಸಕ್ಕೆ ಅವಸರಪಡುವವರನ್ನು ತಡೆದು ಕೂರಿಸುವುದೂ ಇವರ ಪಾಲಿಗೇ.

ಯಾವ ತರಬೇತಿಯೂ ಪೂರ್ತಿ ಬಗೆಹರಿಸದ ತೊಡಕು ತವರಿನದು. ಚನ್ನಪಟ್ಟಣದಲ್ಲಿ ನೋಂದಣಿಯಾದ ಸೊಸೆ ಸೀಮಂತ ಮುಗಿಸಿ ಮಾಗಡಿಯ ತವರಿಗೆ ಹೊರಟರೆ, ಅತಿ ಎಚ್ಚರ ಬೇಕಾದ ಕೊನೆಯ ತಿಂಗಳುಗಳಲ್ಲೇ ಸಿಸ್ಟರ್ ಬದಲಾಗುತ್ತಾರೆ. ತಾಯಿ ಕಾರ್ಡ್ ಗಂಡನ ಮನೆಯ ಬೀರುವಿನಲ್ಲೇ ಉಳಿಯುವುದುಂಟು. ಕಂಪ್ಯೂಟರಿನಲ್ಲಿ ತಾಯಿ-ಮಗುವಿನ ದಾಖಲೆಯ ಆರ್‌ಸಿಎಚ್ ಸಂಖ್ಯೆಯಿದೆ, ನಿಜ. ಆದರೂ ಈ ಊರಿನ ಸಿಸ್ಟರ್ ಆ ಊರಿನವರಿಗೆ ಫೋನ್ ಮಾಡಿ, “ನಮ್ ಹುಡುಗಿ ನಿಮ್ಮೂರಿಗೆ ಬತ್ತಾವ್ಳೆ, ಬಿಪಿ ಒಸಿ ಜಾಸ್ತಿ ಐತೆ, ನೋಡ್ಕಳಿ” ಎಂದರೇನೇ ಕೆಲಸ ನಡೆಯುವುದು.