ಬೋರ್ಡಿನ ಮೇಲೊಂದು ಪದ
ಹುಣಸಗಿಯಲ್ಲಿ ಡಿಗ್ರಿ ಹುಡುಗರಿಗೆ ಕನ್ನಡ ಹೇಳುವ ನಾನು ‘ಅಶ್ಲೀಲ’ ಎಂದು ಬೋರ್ಡಿನ ಮೇಲೆ ಬರೆದದ್ದೇ ತಡ, ಹಿಂದಿನ ಬೆಂಚು ಕಿಸಕ್ಕೆಂದಿತು. ಹುಡುಗಿಯರು ನೋಟ್‌ಬುಕ್ಕಿಗೆ ಕಣ್ಣು ನೆಟ್ಟರು.

‘ಸರ, ಪರೀಕ್ಷಾದಾಗ ಬರ್ತದೇನ್ರೀ?’

‘ಬರಂಗಿಲ್ಲಪಾ. ಆದ್ರ ನಿನ್ನ ಕಿಸೆದಾಗಿನ ಫೋನಿನ್ಯಾಗ ಬರ್ತದ.’

ನಗು ನಿಂತಿತು.

ಮೊದಲು ಹೇಳಿದ್ದು ಗಾಯಕಿ ಬೆಂಗಳೂರು ನಾಗರತ್ನಮ್ಮನ ಕಥೆ. ಕವಯಿತ್ರಿ ಮುದ್ದುಪಳನಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’ವನ್ನು ಆಕೆ 1910ರಲ್ಲಿ ಅಚ್ಚು ಹಾಕಿಸಿದರು. ಬ್ರಿಟಿಷ್ ಸರ್ಕಾರ ಅಶ್ಲೀಲವೆಂದು ನಿಷೇಧಿಸಿತು. ಹೆಣ್ಣೊಬ್ಬಳು ಆಸೆಯನ್ನು ಬಾಯಿಬಿಟ್ಟು ಬರೆದದ್ದೇ ಚುಚ್ಚಿರಬೇಕು ಎಂಬುದು ನನ್ನ ಗುಮಾನಿ. ಸ್ವಾತಂತ್ರ್ಯದ ಹೊತ್ತಿಗೆ ನಿಷೇಧ ಹೋಯಿತು. ಕಾವ್ಯ ಅದೇ, ನೋಡುವ ಕಣ್ಣು ಬೇರೆ. ಅಶ್ಲೀಲವನ್ನು ಇಂದಿನ ಸಮಾಜದ ಮಟ್ಟದಿಂದಲೇ ಅಳೆಯಬೇಕೆಂದು 2014ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು.

ಒಂದು ಗೆರೆ ಮಾತ್ರ ಅಲುಗದು: ಮಕ್ಕಳ ಲೈಂಗಿಕ ದೃಶ್ಯ. ಹಂಚುವುದಿರಲಿ, ಫೋನಿನಲ್ಲಿಟ್ಟುಕೊಂಡರೂ ಮಕ್ಕಳ ಲೈಂಗಿಕ ರಕ್ಷಣೆಯ ಪೋಕ್ಸೊ ಕಾಯ್ದೆ ಬೀಳಬಹುದು. 2024ರ ಸೆಪ್ಟೆಂಬರ್ 23ರ ಸುಪ್ರೀಂ ಕೋರ್ಟ್ ತೀರ್ಪಿದು. ಲೈಂಗಿಕ ಶಿಕ್ಷಣ ಬೇಕೆಂದೂ ಅದರಲ್ಲೇ ಇದೆ.

ಬೆಲ್ಲಾದ ಮೇಲೆ ಒಬ್ಬಳು ಬಾಗಿಲ ಬಳಿ ನಿಂತಿದ್ದಳು. ‘ಸರ, ನಮ್ಮ ಫೋಟೋನ ಯಾರರೆ ಹಂಗ ಮಾಡಿ ಬಿಟ್ರ?’

ಐಟಿ ಕಾಯ್ದೆಯ 67ಎ, ಐದು ವರ್ಷದವರೆಗೆ ಜೈಲು ಎಂದೆ. ಹಾಳೆ ಹುಡುಕಲಿಲ್ಲ, ಅಂಗೈ ಮೇಲೆಯೇ ಪೆನ್ನಿನಿಂದ ಬರೆದುಕೊಂಡಳು.